ಶಬ್ದ ತೆಗೆದ ವಿಡಿಯೊಗೆ ಅಂಕ ಕೊಟ್ಟವರಿಗೆ

ಮುಖ ತೋರಿಸದ ಪರೀಕ್ಷಕರ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹೊಟ್ಟೆಗೆ ಸಣ್ಣ ತೂತುಗಳನ್ನು ಹಾಕಿ, ಒಳಗೆ ಕ್ಯಾಮೆರಾ ಇಳಿಸಿ, ಜಠರದ ಕ್ಯಾನ್ಸರ್ ಕತ್ತರಿಸುವ ವೈದ್ಯರ ಕೈಚಳಕಕ್ಕೆ ಅಂಕ ಹಾಕುವವರು ನೀವು. ಕಳೆದ ವರ್ಷ ನಮ್ಮೂರಿನ ಮುನಕಾತ ಡಾಕ್ಟರನ್ನು ಪಾಸು ಮಾಡಿದಿರಿ. ಅವರು ಕಳಿಸಿದ ವಿಡಿಯೊದಲ್ಲಿದ್ದದ್ದು ನನ್ನ ಯಜಮಾನರ ಹೊಟ್ಟೆ. ದಯವಿಟ್ಟು ಆ ಡಾಕ್ಟರನ್ನು ಫೇಲ್ ಮಾಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಪಾಸು ಮಾಡಿ ಎಂದು ಗೋಗರೆಯುವ ಪತ್ರಗಳು ನಿಮಗೆ ಬೇಕಾದಷ್ಟು ಬಂದಿರಬಹುದು. ಇದು ಆ ಪೈಕಿಯದಲ್ಲ.

ಸೇಡಿನ ಮಾತೂ ಅಲ್ಲ. ಫೇಲ್ ಮಾಡಿ ಎಂದು ನಿಮಗೆ ಮೊದಲು ಬರೆದವರು ಆ ಡಾಕ್ಟರೇ. "ಉತ್ತೀರ್ಣರಾದವರ ಮರುಮೌಲ್ಯಮಾಪನಕ್ಕೆ ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ" ಎಂದು ನಿಮ್ಮ ಕಚೇರಿ ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿತು. ಎಂಥ ಕರುಣೆ! ನಪಾಸಾದವನಿಗೆ ಮೇಲ್ಮನವಿ ಇದೆ, ಪಾಸಾಗಿ ಒದ್ದಾಡುವವನಿಗೆ ಯಾವ ದಾರಿಯೂ ಇಲ್ಲ. ಹಾಗಾಗಿ ಪತ್ರಿಕೆಯ ಮೂಲಕವೇ ನಿಮ್ಮ ಬಾಗಿಲು ತಟ್ಟಬೇಕಾಯಿತು.

ನನ್ನ ಯಜಮಾನರು ಇಗರಶಿ ಯೊಶಿಜೊ. ಅಕಿತಾ ಪ್ರಾಂತ್ಯದ ಕಡಲತೀರದ ನಮ್ಮ ಊರಿನ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಕಲಿಯುವವರ ಪಕ್ಕದಲ್ಲಿ ಕುಳಿತು, ತಮ್ಮ ಕಾಲಡಿಯ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಸಂಸಾರ ಸಾಗಿಸಿದರು. ಪರೀಕ್ಷೆಯ ದಿನ ಮೇಷ್ಟರು ಆ ಬ್ರೇಕ್ ಒತ್ತಿದರೆ ಹುಡುಗ ಫೇಲ್. ಹಾಗೆಂದು ಯಾವ ಮೇಷ್ಟರೂ ಕಾಲು ಹಿಂದಕ್ಕೆ ಎಳೆದುಕೊಂಡದ್ದಿಲ್ಲ. ಹೈಸ್ಕೂಲು ಮುಗಿಸಿ ಬಂದಿದ್ದ ಮುನಕಾತ ರೈಲ್ವೆ ಗೇಟಿನ ಮುಂದೆ ನಿಲ್ಲದೆ ನುಗ್ಗಲು ಹೋದಾಗ ಇವರು ಒತ್ತಿಯೇಬಿಟ್ಟರು. ಹುಡುಗ ಅತ್ತುಕೊಂಡು ಮನೆಗೆ ಹೋದ, ಮತ್ತೆ ಬಂದು ಪಾಸಾದ. ಇವತ್ತಿಗೂ ಗೇಟು ತೆರೆದೇ ಇದ್ದರೂ ನಿಲ್ಲಿಸಿ, ಗಾಜು ಇಳಿಸಿ, ಕಿವಿಗೊಟ್ಟು ಕೇಳಿಯೇ ಮುಂದೆ ಹೋಗುವುದು ಅವನ ರೂಢಿ.

ಇವರಿಗೆ ಕ್ಯಾನ್ಸರ್ ಎಂದಾಗ ನೋಡಲು ಬಂದ ಡಾಕ್ಟರು ಅದೇ ಮುನಕಾತ. ಪಾಪ, ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತ ನಿಂತರು.

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ನಿಮ್ಮ ಮೈಯಲ್ಲಿ ಕೊಬ್ಬೇ ಇಲ್ಲ. ಒಳಗೆಲ್ಲಾ ಕನ್ನಡಿ ಥರ ಕಾಣುತ್ತೆ. ನಿಮ್ಮ ಆಪರೇಷನ್ನಿನ ವಿಡಿಯೊನ ನನ್ನ ಪರೀಕ್ಷೆಗೆ ಕಳಿಸ್ಬಹುದಾ?"

ಇವರು ನನ್ನ ಕಡೆ ತಿರುಗಿ ಎದೆಯುಬ್ಬಿಸಿದರು. "ಕೇಳಿಸ್ತೇನೇ? ಮದುವೆ ಆದಾಗಿಂದ ಕಡ್ಡಿ ಪೈಲ್ವಾನ ಅಂತ ಆಡ್ಕೊಂಡಿದ್ಯಲ್ಲ, ಈಗ ನೋಡು ಈ ಕಡ್ಡಿಗೆ ಎಷ್ಟು ಬೆಲೆ!"

"ಸಾಕು ಸುಮ್ನಿರಿ, ಸಿನಿಮಾದಲ್ಲಿ ಪಾರ್ಟ್ ಸಿಕ್ಕಿದೋರ ಹಾಗೆ ಆಡ್ಬೇಡಿ" ಎಂದೆ ನಾನು.

"ಒಂದ್ಸಲ ನಾನೇ ನಿನ್ನ ಫೇಲ್ ಮಾಡಿದ್ದೆ ಕಣಪ್ಪಾ. ಈ ಸಲ ನನ್ನ ಹೊಟ್ಟೇಲೇ ಪಾಸಾಗು" ಎಂದು ಡಾಕ್ಟರ ಬೆನ್ನು ತಟ್ಟಿದರು.

ಅಷ್ಟಕ್ಕೇ ನಿಲ್ಲಿಸಿದರೇ? ಆಪರೇಷನ್ನಿಗೆ ಮೊದಲು ಜನ ಕಾಯಿಲೆ ವಾಸಿಯಾಗಲೆಂದು ಗುಡಿಯಿಂದ ತಾಯಿತ ತರುತ್ತಾರೆ. ಇವರು ವಿದ್ಯೆಯ ದೇವರ ಗುಡಿಗೆ ಹೋಗಿ, ಮಕ್ಕಳು ಪರೀಕ್ಷೆ ಪಾಸಾಗಲೆಂದು ಕೊಳ್ಳುವ ಕೆಂಪು ತಾಯಿತ ತಂದು ಡಾಕ್ಟರ ಜೇಬಿಗೆ ತುರುಕಿದರು. ಕತ್ತರಿ ಬೀಳುವುದು ತನ್ನ ಹೊಟ್ಟೆಗೆ, ಹರಕೆ ಮಾತ್ರ ಡಾಕ್ಟರ ಅಂಕಕ್ಕೆ! ಇಂಥ ರೋಗಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಇನ್ನು ನೀವು ನೋಡಿದ ವಿಡಿಯೊಗೆ ಬರುತ್ತೇನೆ. ಮೇದೋಜೀರಕ ಗ್ರಂಥಿಯ ಮೇಲ್ಭಾಗದಲ್ಲಿ, ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿಗಳನ್ನು ಬಿಡಿಸಿ ತೆಗೆಯುವಾಗ ರಕ್ತ ಚಿಮ್ಮಿತು. ನೀವದನ್ನು ಕಂಡಿದ್ದೀರಿ, ಏಕೆಂದರೆ ನಿಮ್ಮ ಟಿಪ್ಪಣಿಯಲ್ಲಿ "ರಕ್ತಸ್ರಾವವನ್ನು ಶಾಂತಚಿತ್ತದಿಂದ ನಿಭಾಯಿಸಲಾಗಿದೆ" ಎಂಬ ಹೊಗಳಿಕೆಯಿದೆ. ನೀವು ಕೇಳಿಸಿಕೊಳ್ಳದ್ದೂ ಒಂದಿದೆ. ಯಾರ ಕೈ, ಯಾವ ಊರು ಎಂದು ಗುರುತು ಸಿಗಬಾರದೆಂದು ವಿಡಿಯೊದ ಶಬ್ದ ತೆಗೆದು ಕಳಿಸಬೇಕೆಂಬುದು ನಿಮ್ಮ ನಿಯಮ. ಒಳ್ಳೆಯ ನಿಯಮವೇ, ನಾನು ಒಪ್ಪುತ್ತೇನೆ. ಗುರುವಿನ ಹೆಸರು ನೋಡಿ ಶಿಷ್ಯನಿಗೆ ಅಂಕ ಹಾಕುವ ಕಾಲ ಹೋಗಲೆಂದು ತಾನೇ ಮಾಡಿದ್ದು? ಆದರೆ ಶಬ್ದದ ಜೊತೆಗೆ ಏನೇನು ಹೋಯಿತೆಂದು ಒಮ್ಮೆಯಾದರೂ ಯೋಚಿಸಿದ್ದೀರಾ?

ಅದನ್ನು ಮುನಕಾತರೇ ಬಂದು ಹೇಳಿದರು. ನಿಮ್ಮ ಪ್ರಮಾಣಪತ್ರ ಬಂದ ವಾರ, ನಮ್ಮ ಮನೆಯ ಚಾಪೆಯ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ಕುಳಿತರು. ಎಬ್ಬಿಸಿದರೂ ಏಳಲಿಲ್ಲ.

"ರಕ್ತ ಬಂದಾಗ ಪಕ್ಕದಲ್ಲೇ ಇದ್ದ, ನಂಗೆ ಆಪರೇಷನ್ ಕಲಿಸಿದ ಸೆಕಿ ಸರ್, 'ನಾನು ತಗೊಳ್ಲೇನಪ್ಪಾ?' ಅಂದ್ರು. ಅವರು ತಗೊಂಡಿದ್ರೆ ಬೇಗ ಮುಗೀತಿತ್ತು. ನಾನು, 'ಬೇಡ ಸರ್, ನೀವು ಮುಟ್ಟಿದ್ರೆ ವಿಡಿಯೊ ಕೆಟ್ಟೋಗುತ್ತೆ' ಅಂದೆ, ಮೇಷ್ಟ್ರೇ."

"ಅದಕ್ಕೆ ಸೆಕಿಯೋರು?" ಎಂದು ನಾನು ಕೇಳಿದೆ.

"'ಸರಿ, ನಿಧಾನಕ್ಕೆ ಮಾಡು' ಅಂದ್ರು ಅಮ್ಮಾ. ಅವರಿಗೂ ನಾನು ಪಾಸಾಗ್ಲಿ ಅಂತಿತ್ತು. ನಾನು ರಕ್ತ ನಿಲ್ಲಿಸೋವರೆಗೂ ಮೇದೋಜೀರಕ ಗ್ರಂಥಿನ ಒತ್ತಿ ಹಿಡಿದೇ ಇರಬೇಕಾಯ್ತು. ಅದು ಜಜ್ಜಿಹೋಯ್ತು."

ಜಜ್ಜಿದ ಗ್ರಂಥಿಯ ರಸ ಹೊಟ್ಟೆಯೊಳಗೆ ಸೋರಿತು. ಹಿಮ ಬಿದ್ದು ಕರಗುವ ತನಕ ಇವರು ಆಸ್ಪತ್ರೆಯಲ್ಲಿ ಕೊಳವೆಗಳ ನಡುವೆ ಜ್ವರದಲ್ಲಿ ಬೆಂದರು. ವಿಡಿಯೊ ಕಳಿಸುವ ಗಡುವು ಬಂದಾಗ ಡಾಕ್ಟರು ಕಳಿಸುವುದಿಲ್ಲ ಎಂದರಂತೆ. ಇವರೇ ಮಲಗಿದ್ದಲ್ಲಿಂದ, "ಕಳಿಸೋ ಮಾರಾಯಾ, ನಾನು ಪಟ್ಟಿದ್ದು ದಂಡ ಆಗ್ಬಾರ್ದು" ಎಂದು ಹಟ ಹಿಡಿದು ಕಳಿಸುವಂತೆ ಮಾಡಿದರು. ನಿಮಗೆ ವಿಡಿಯೊ ತಲುಪಿತು, ಹೊಲಿಗೆ ಚೆಂದ ಕಂಡಿತು. ಆ ಹೊಟ್ಟೆಯ ಒಡೆಯ ಬದುಕಿದ್ದಾನೋ ಸತ್ತಿದ್ದಾನೋ ಎಂದು ಕೇಳುವ ಕಾಲಂ ನಿಮ್ಮ ಅಂಕಪಟ್ಟಿಯಲ್ಲಿಲ್ಲ. ಏಕಿಲ್ಲ? ಹೊಟ್ಟೆ ಎಂದರೆ ನಿಮಗೆ ಬರೀ ಉತ್ತರಪತ್ರಿಕೆಯೇ?

ಪರೀಕ್ಷೆಯೇ ಬೇಡ ಎನ್ನುವಷ್ಟು ಮೂಢಳಲ್ಲ ನಾನು. ಪರೀಕ್ಷೆ ಇಲ್ಲದೆ ಚಾಕು ಹಿಡಿಯುವವರನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ. ನನಗೆ ಅರ್ಥವಾಗದ್ದು ಒಂದೇ. ಡ್ರೈವಿಂಗ್ ಶಾಲೆಯಲ್ಲಿ ಫೇಲಾದ ಹುಡುಗ ಮುಂದಿನ ವಾರ ಮತ್ತೆ ಬರಬಹುದು, ಹಾಗಾಗಿ ಬ್ರೇಕ್ ಒತ್ತಲು ಯಾರಿಗೂ ಅಂಜಿಕೆಯಿಲ್ಲ. ನಿಮ್ಮಲ್ಲಿ ತೆಳ್ಳನೆಯ ರೋಗಿ ಸಿಗಬೇಕು, ಗಡ್ಡೆ ಹದವಾದ ಜಾಗದಲ್ಲಿರಬೇಕು, ಹಿರಿಯರು ಕೈ ಹಾಕಿರಬಾರದು. ತಪ್ಪಿದರೆ ವರ್ಷವೇ ಹೋಯಿತು. 'ನನ್ನಿಂದಾಗದು, ನೀವು ಬನ್ನಿ' ಎಂದು ಹೇಳುವುದೂ ವೈದ್ಯನ ಕೌಶಲವಲ್ಲವೇ? ಅದಕ್ಕೆ ನೀವು ಕೊಡುವುದು ಸೊನ್ನೆ. ಆ ಸೊನ್ನೆಗೆ ಹೆದರಿ ಒಬ್ಬ ಒಳ್ಳೆಯ ಹುಡುಗ ಬಾಯಿ ಕಟ್ಟಿಕೊಂಡ, ಒಬ್ಬ ಒಳ್ಳೆಯ ಗುರು ಕೈ ಕಟ್ಟಿಕೊಂಡ. ಇಬ್ಬರ ಮೇಲೂ ನನಗೆ ಸಿಟ್ಟು ಬರುವುದಿಲ್ಲ. ನಿಮ್ಮ ಮೇಲೆ ಬರುತ್ತದೆ, ಮುಚ್ಚಿಡುವುದೇಕೆ?

ಈಗಿನ ಸ್ಥಿತಿ ಕೇಳಿ. ಜಠರವನ್ನು ಕರುಳಿಗೆ ಜೋಡಿಸಿದ ಜಾಗ ಕಿರಿದಾಗಿದೆ. ಗಂಜಿಯೂ ಸಲೀಸಾಗಿ ಇಳಿಯುವುದಿಲ್ಲ. ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿಯನ್ನು ಕಟಕಟ ಕಡಿಯುತ್ತಿದ್ದ ಮನುಷ್ಯ ಈಗ ಅದನ್ನು ಮೂಸಿ ನೋಡಿ ಕೆಳಗಿಡುತ್ತಾರೆ. ಇನ್ನೊಂದು ಆಪರೇಷನ್ ಆಗಲೇಬೇಕು. ಮುನಕಾತನೇ ಮಾಡಬೇಕು ಎಂದು ಇವರ ಪಟ್ಟು. ಅವರೋ ಪ್ರಮಾಣಪತ್ರ ಬಂದಂದಿನಿಂದ ಯಾರ ಹೊಟ್ಟೆಯನ್ನೂ ಮುಟ್ಟಿಲ್ಲ. "ಸುಳ್ಳು ಪಾಸು ಇಟ್ಕೊಂಡು ಹೇಗೆ ಮುಟ್ಲಿ ಅಮ್ಮಾ?" ಎನ್ನುತ್ತಾರೆ. ಪಾಸಾದವರು ಆ ತಾಯಿತವನ್ನು ಗುಡಿಗೆ ಮರಳಿಸಿ ಕೈಮುಗಿದು ಬರಬೇಕು. ಅವರು ಗುಡಿಗೆ ಹೋಗದೆ ಅದನ್ನು ನಮ್ಮ ಮನೆಯಲ್ಲೇ ಇಟ್ಟು ಹೋದರು. ನಾನು ಬೇಡಿದರೂ ಅಷ್ಟೆ, ಬೈದರೂ ಅಷ್ಟೆ, ಇಬ್ಬರೂ ಜಪ್ಪಯ್ಯ ಅನ್ನುವುದಿಲ್ಲ. ದಿನದಿನಕ್ಕೂ ಇವರು ಇಳಿದುಹೋಗುತ್ತಿರುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ನನಗೆ ಭಯವಾಗುತ್ತಿದೆ.

ಆದ್ದರಿಂದ ಅಧ್ಯಕ್ಷರೇ, ಆ ವಿಡಿಯೊದ ಮೂಲ ಪ್ರತಿಯನ್ನು ಶಬ್ದದ ಸಮೇತ ತರಿಸಿ ಕೇಳಿ. ಗುರುತು ಸಿಕ್ಕರೆ ಸಿಗಲಿ. ಕೇಳಿದ ಮೇಲೆ ಅಂಕವನ್ನು ಹಿಂದಕ್ಕೆ ಪಡೆಯಿರಿ. ಆಪರೇಷನ್ನಿಗೆ ನಿಮ್ಮ ಪಾಸು ಬೇಕೇ ಬೇಕೆಂದಿಲ್ಲ, ಆ ಸುಳ್ಳು ಪಾಸು ಕೈಬಿಟ್ಟರೆ ಡಾಕ್ಟರು ಮತ್ತೆ ಇವರ ಹೊಟ್ಟೆ ಮುಟ್ಟಿಯಾರು. ಹಿರಿಯರನ್ನು ಕರೆದವನ ವಿಡಿಯೊ ಕಸಕ್ಕೆ ಹೋಗುವ ನಿಯಮವನ್ನೂ ಆ ಹೊತ್ತಿಗೇ ಕಸಕ್ಕೆ ಹಾಕಿ. ತಡ ಮಾಡಬೇಡಿ, ನಿಮ್ಮ ಮುಂದಿನ ಸಭೆಯ ತನಕ ಕಾಯುವ ಶಕ್ತಿ ಈ ಹೊಟ್ಟೆಗಿಲ್ಲ.

ಪತ್ರವನ್ನು ಇವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. ಕೊನೆಗೆ, "ಇನ್ನೊಂದು ಸಾಲು ಸೇರಿಸೇ" ಎಂದರು. "ಫೇಲ್ ಮಾಡೋಕೆ ಹೆದರ್ಬೇಡಿ ಅಂತ ಬರಿ. ಆ ಹುಡುಗ ಒಂದ್ಸಲ ಫೇಲಾದ ಮೇಲೇನೇ ಗೇಟ್ ಮುಂದೆ ನಿಲ್ಸೋದು ಕಲ್ತಿದ್ದು."

ಇಂತಿ,
ನಿಮ್ಮಲ್ಲಿ ಪಾಸಾದ ಹೊಟ್ಟೆಗೆ ದಿನವೂ ಗಂಜಿ ಕಾಯಿಸುವವಳು,
ಇಗರಶಿ ಸೆತ್ಸು