ಮತ್ತೆ ಹಾಕಿದ ಬೀಗಗಳು

ಮಿರ್ಕಾಬ್, ಕುವೈತ್
೧೨ ಮೇ ೧೯೯೧

ತಮ್ಮ ಸಂಜೀವನಿಗೆ,

ಅಣ್ಣ ಚನ್ನಪ್ಪನ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ, ಉಣ್ಣುತ್ತಿದ್ದೇನೆ, ಕೆಲಸ ನಡೆದಿದೆ. ಇಷ್ಟನ್ನು ಅವ್ವನಿಗೆ ಓದಿ ಹೇಳು. ಉಳಿದದ್ದನ್ನು ಬಾಗಿಲು ಹಾಕಿಕೊಂಡು ನೀನೊಬ್ಬನೇ ಓದು.

ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂಚೆ ಇನ್ನೂ ನೆಟ್ಟಗಾಗಿಲ್ಲ ಎಂಬುದು ನಿಜ, ಆದರೆ ಕಾರಣ ಅದಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಕಾಗದ ಹರಿದು ಹಾಕಿದೆ. ಇದನ್ನಾದರೂ ಪೂರ್ತಿ ಮಾಡಿ, ಬೊಂಬಾಯಿಗೆ ಹೊರಟಿರುವ ಸುಕುಮಾರನ ಕೈಯಲ್ಲಿ ಕೊಡುತ್ತೇನೆ.

ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿವೆ. ಮಟಮಟ ಮಧ್ಯಾಹ್ನ ದೀಪ ಹಚ್ಚಿಕೊಂಡು ಅರ ತಿಕ್ಕುತ್ತೇನೆ. ಒಗೆದು ಹಾಕಿದ ಅಂಗಿ ಒಣಗುವುದರೊಳಗೆ ಕರ್ರಗಾಗುತ್ತದೆ. ಇರಾಕಿನ ಸೈನ್ಯ ನುಗ್ಗಿದಾಗ ಓಡಿಹೋಗಿದ್ದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಅಬು ಸಾಲೆಮ್ ಸೌದಿಯಿಂದ ಬಂದ. ಹೋದವನು ಗಂಡಸು, ಬಂದವನು ಮುದುಕ. ನನ್ನನ್ನು ಕಂಡು ತಬ್ಬಿಕೊಂಡು ಅತ್ತ.

ಇನ್ನು ನಿನ್ನ ಪತ್ರದ ವಿಷಯ. ಹುಬ್ಬಳ್ಳಿಯಲ್ಲಿ ಒಳ್ಳೆಯ ಜಾಗದಲ್ಲಿ ಅಂಗಡಿ ಸಿಕ್ಕಿದೆ, ಅಪ್ಪನ ಹೆಸರಿನಲ್ಲೇ ಬೋರ್ಡು ಬರೆಸುತ್ತೇನೆ, ನನ್ನ ಸಣ್ಣ ಸುತ್ತಿಗೆ ಅಲ್ಲೇ ಉಳಿದಿದೆ, ಬರುವವರ ಕೈಯಲ್ಲಿ ಕಳಿಸು, ಅದಿಲ್ಲದೆ ಕೆಲಸ ಒಗ್ಗುವುದಿಲ್ಲ ಎಂದು ಬರೆದಿದ್ದೀ. ಭಲೇ ತಮ್ಮಾ! ಓದಿ ಮೈಯೆಲ್ಲ ಉರಿಯಿತು. ಇಷ್ಟು ನಿಶ್ಚಿಂತೆಯಿಂದ ಹೇಗೆ ಬರೆದೆಯೋ?

ಜೋಕಿಮ್‌ನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ. ಓಣಿಯ ಬಾಯಲ್ಲಿ ಯಂತ್ರ ಇಟ್ಟುಕೊಂಡು ಡೂಪ್ಲಿಕೇಟ್ ಕೀಲಿಕೈ ಕೊರೆಯುವ ನಮ್ಮ ಮಂಗಳೂರಿನ ಜೋಕಿಮ್. ನಿನಗೆ ಜ್ವರ ಬಂದಾಗ ಹೆಂಡತಿ ಜೆಸ್ಸಿಯ ಕೈಯಲ್ಲಿ ಗಂಜಿ ಮಾಡಿಸಿ ತಂದುಕೊಟ್ಟವನು. ಯಾಕೆ ಹಿಡಿದರು ಎಂದು ನಿನಗೆ ಹೇಳುವ ಅಗತ್ಯವಿಲ್ಲ. ಆದರೂ ಹೇಳುತ್ತೇನೆ, ಕೇಳು.

ಮೇಲಂಗಿಗೆ ಜರಿ ಹೊಲಿಯುವವರ ಓಣಿಯವರು ಮರಳಿ ಬಂದಾಗ ಅವರ ಬಾಗಿಲುಗಳ ಬೀಗಗಳು ಹಾಕಿದ ಹಾಗೇ ಇದ್ದವು. ಕಂಚುಗಾರರ ಓಣಿಯಲ್ಲಿ ಸೈನಿಕರು ಬಾಗಿಲು ಮುರಿದು ದೋಚಿದ್ದನ್ನು ನೋಡಿ ಬಂದವರಿಗೆ ಇದು ದೇವರ ದಯೆ ಅನ್ನಿಸಿತು. ಕೈ ಎತ್ತಿ ಪ್ರಾರ್ಥಿಸಿ ಬೀಗ ತೆರೆದರೆ ಒಳಗೆ ಒಂದು ಎಳೆ ಜರಿ ಇಲ್ಲ, ಒಂದು ತುಂಡು ಬಟ್ಟೆ ಇಲ್ಲ. ದೋಚಿಕೊಂಡು ಹೋದ ಮೇಲೆ ಯಾರೋ ಬೀಗಗಳನ್ನು ಮತ್ತೆ ಹಾಕಿದ್ದರು. ಕೀಲಿ ತೂತಿಗೆ ಎಣ್ಣೆ ಕೂಡ ಬಿಟ್ಟಿದ್ದರು. ಯಾವ ಸೈನಿಕ ಹಾಗೆ ಮಾಡುತ್ತಾನೆ? ಇದು ಬೀಗದ ಕೆಲಸದವನದೇ ಕೈ ಎಂದು ಓಣಿಯವರು ತೀರ್ಮಾನಿಸಿದರು.

ಸೈನಿಕರ ಲಾರಿ ಆ ಓಣಿಗೆ ಬಂದ ವಾರ ನಾನು ಇಲ್ಲಿರಲಿಲ್ಲ. ವಫ್ರಾದಲ್ಲಿ ಅಬು ಸಾಲೆಮ್‌ನ ತೋಟದಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಕಡೆಯವರಿಗೆ ಅಕ್ಕಿ ಮುಟ್ಟಿಸಲು ಹೋಗಿದ್ದೆ. ಅದಕ್ಕೆ ಆ ತೋಟದವರೇ ಸಾಕ್ಷಿ. ನೀನು ಅಷ್ಟರಲ್ಲಿ ಊರಿಗೆ ಮರಳಲು ಅಮ್ಮಾನಿನ ದಾರಿ ಹಿಡಿದಿದ್ದೆ ಎಂದು ಎಲ್ಲರೂ ನಂಬಿದ್ದಾರೆ. ಬೀಗದ ಕೆಲಸದವರಲ್ಲಿ ಉಳಿದವನು ಜೋಕಿಮ್. ರೊಟ್ಟಿಗಾಗಿ ಸೈನಿಕರ ನೀರಿನ ಗಾಡಿಗೆ ಒಂದು ಕೀಲಿಕೈ ಕೊರೆದುಕೊಟ್ಟಿದ್ದ ಪಾಪ. ಆ ರೊಟ್ಟಿಯಲ್ಲಿ ನಾನೂ ತಿಂದಿದ್ದೇನೆ, ನೀನೂ ತಿಂದಿದ್ದೀ.

ಜೆಸ್ಸಿ ಬಂದು ನನ್ನ ಮುಂದೆ ನಿಂತಳು. ಅಳಲಿಲ್ಲ. "ಚನ್ನಪ್ಪಣ್ಣ, ಅವರಿಗೆ ಯಂತ್ರ ಬಿಟ್ಟರೆ ಸುತ್ತಿಗೆ ಹಿಡಿಯಲಿಕ್ಕೇ ಬರುವುದಿಲ್ಲ. ನೀವು ಒಮ್ಮೆ ಆ ಬೀಗ ನೋಡಿ. ಕೈ ಯಾರದ್ದು ಅಂತ ನಿಮಗೆ ಗೊತ್ತಾಗ್ತದೆ," ಎಂದಳು.

ಹೋಗಿ ನೋಡಿದೆ, ಸಂಜೀವ. ಕೈಯಲ್ಲಿ ಹಿಡಿಯುವ ಮೊದಲೇ ಗೊತ್ತಾಯಿತು. ಬೀಗದ ಬೆನ್ನಿನ ರಿವೆಟ್ ಬಿಡಿಸಿ, ಒಳಗಿನ ಪಟ್ಟಿ ಎತ್ತಿ, ಮತ್ತೆ ರಿವೆಟ್ ಕೂಡಿಸಿ ಮೆತ್ತಗೆ ಬಡಿದ ಕೆಲಸ. ನಮ್ಮ ಮನೆಯ ಪದ್ಧತಿ ಅದು, ಈ ಊರಿನಲ್ಲಿ ಬೇರೆ ಯಾರೂ ಹಾಗೆ ತೆರೆಯುವುದಿಲ್ಲ. ನಾನು ಬಡಿದರೆ ಪೆಟ್ಟಿನ ಗುರುತು ಒಂದು ಕಡೆಗೆ ವಾಲುತ್ತದೆ. ಇಲ್ಲಿ ಪ್ರತಿ ಬೀಗದ ಮೇಲೂ ಅದು ಇನ್ನೊಂದು ಕಡೆಗೆ ವಾಲಿತ್ತು. ಎಡಗೈಯವನ ಪೆಟ್ಟು. ಅಬು ಸಾಲೆಮ್ ನನ್ನ ಮುಖ ನೋಡುತ್ತ ನಿಂತಿದ್ದ. ಆಮೇಲೆ ಹೇಳುತ್ತೇನೆ ಎಂದು ಮನೆಗೆ ಬಂದೆ.

ಆಗ ನಾನು ವಫ್ರಾದಿಂದ ಮರಳಿದ ದಿನ ನೀನು ರೂಮಿನಲ್ಲಿ ಮುಸುಕು ಹಾಕಿ ಮಲಗಿದ್ದೆ. ಊಟ ಬೇಡ ಎಂದೆ. ಏನಾಯಿತೋ ಎಂದು ಕೇಳಿದರೆ, "ರೊಟ್ಟಿ ಪಾಳಿಯೊಳಗ ನಿಂತಿದ್ದೆ ಅಣ್ಣಾ, ಬಿಸಿಲು ಬಡದೈತಿ," ಎಂದು ಗೋಡೆಗೆ ಹೊರಳಿದೆ. ನಾನು ಮಳ್ಳ, ಮಜ್ಜಿಗೆ ಹುಡುಕಿಕೊಂಡು ಊರೆಲ್ಲ ತಿರುಗಿದೆ.

ಬಂದೂಕು ಹಿಡಿದು ನಿಂತವರ ಮುಂದೆ ಬೀಗ ತೆರೆದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನಿದ್ದರೂ ತೆರೆಯುತ್ತಿದ್ದೆನೋ ಏನೋ. ಜೀವ ಯಾರಿಗೆ ಬೇಡ? ಆದರೆ ಅವತ್ತೇ ನನ್ನ ಮುಂದೆ ಒಂದು ಮಾತು ಆಡಬಹುದಿತ್ತು. ಬಸ್ಸು ಹತ್ತುವಾಗ ಆಡಬಹುದಿತ್ತು. ಊರು ಮುಟ್ಟಿ, ಅವ್ವನ ಕೈಯ ರೊಟ್ಟಿ ತಿಂದು, ಹೆದರಿಕೆಯೆಲ್ಲ ಹೋದ ಮೇಲಾದರೂ ಬರೆಯಬಹುದಿತ್ತು. ಇಲ್ಲಿನವರು ಮರಳಿ ಬಂದಾಗ ಯಾರೋ ಒಬ್ಬರ ಕುತ್ತಿಗೆಗೆ ಇದು ಬರುತ್ತದೆ ಎಂದು ನಿನಗೆ ಹೊಳೆಯಲಿಲ್ಲವೇ? ಹೊಳೆದಿರುತ್ತದೆ. ನೀನೇನು ದಡ್ಡನಲ್ಲ. ಗೊತ್ತಿದ್ದೂ ಸುಮ್ಮನಿದ್ದು, ಸುತ್ತಿಗೆ ಕಳಿಸು ಎಂದು ಬರೆದೆಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ.

ಅಪ್ಪ ಹೇಳುತ್ತಿದ್ದದ್ದು ನೆನಪಿದೆಯೇ? ನಮ್ಮ ಹಿರಿಯರು ಕೋಟೆಯೊಳಗಿನ ಪೇಟೆಯಲ್ಲಿದ್ದ ಕಾಲದಲ್ಲಿ ನೇಕಾರರಿಗೊಂದು ಓಣಿ, ಕಂಚುಗಾರರಿಗೊಂದು, ಗಾಣಿಗರಿಗೊಂದು. ಯಾರ ಮೇಲೂ ಇಲ್ಲದ ಕಟ್ಟು ಬೀಗದವರ ಮೇಲೆ ಮಾತ್ರ ಇತ್ತಂತೆ. ಪೇಟೆಯ ಶೆಟ್ಟರ ಮುಂದೆ, ಕುಲುಮೆಯ ಬೆಂಕಿ ಮುಟ್ಟಿ ಆಣೆ ಮಾಡದೆ ಅರ ಹಿಡಿಯುವಂತಿರಲಿಲ್ಲ. ಮಾಲೀಕನೂ ಒಬ್ಬ ನೆರೆಯವನೂ ನಿಂತಿರದೆ ಯಾರ ಬೀಗವನ್ನೂ ತೆರೆಯಬಾರದು, ತೆರೆದ ಬೀಗವನ್ನು ಹಾಕದೆ ಎದ್ದು ಹೋಗಬಾರದು. ನಮ್ಮಿಬ್ಬರಿಂದಲೂ ಅಪ್ಪ ಅದೇ ಆಣೆ ಮಾಡಿಸಿದ. ನೀನು ಆಣೆಯ ಮೊದಲರ್ಧವನ್ನು ಮುರಿದೆ, ಎರಡನೆಯ ಅರ್ಧವನ್ನು ಎಣ್ಣೆ ಬಿಟ್ಟು ಪಾಲಿಸಿದೆ! ಸೈನಿಕರು ಲಾರಿ ತುಂಬಿಕೊಂಡು ಹೋದ ಮೇಲೆ ಖಾಲಿ ಅಂಗಡಿಗಳಿಗೆ ಒಂದೊಂದಾಗಿ ಬೀಗ ಹಾಕುತ್ತ ಕೂತೆಯಲ್ಲ, ಬಾಗಿಲು ಹಾಗೇ ಬಿಟ್ಟು ಓಡಿ ಬಂದಿದ್ದರೆ ಜೋಕಿಮ್ ಇವತ್ತು ಮನೆಯಲ್ಲಿರುತ್ತಿದ್ದ. ಇದನ್ನು ನೆನೆದು ಒಮ್ಮೆ ನಗು ಬರುತ್ತದೆ, ಮರುಕ್ಷಣ ನಿನಗೆ ನಾಲ್ಕು ಬಿಗಿಯಬೇಕು ಅನ್ನಿಸುತ್ತದೆ.

ಈಗ ಕೇಳು. ನಡೆದದ್ದನ್ನು ನಿನ್ನ ಕೈಯಾರೆ ಬರೆದು ಅಬು ಸಾಲೆಮ್‌ಗೆ ಕಳಿಸು. ಬಂದೂಕು ತೋರಿಸಿ ಮಾಡಿಸಿದರು ಎಂದೇ ಬರೆ, ನಿಜ ತಾನೇ. ಇಲ್ಲಿರಲು ಕೊಟ್ಟ ನಿನ್ನ ಪರವಾನಗಿ, ಇಕಾಮಾ, ಖಲಾಸ್ ಆಗುತ್ತದೆ, ಈ ದೇಶಕ್ಕೆ ಮತ್ತೆ ಕಾಲಿಡಲಾರೆ, ಅಷ್ಟೇ. ಶತ್ರು ಸೈನಿಕರಿಗೆ ನೆರವಾದವನೆಂದು ಸಿಕ್ಕಿಬಿದ್ದ ಜೋಕಿಮ್‌ಗೆ ಏನಾದೀತು ಎಂದು ಯೋಚಿಸು. ಬೊಂಬಾಯಿಯಿಂದ ಸುಕುಮಾರ ಮರಳುವವರೆಗೆ ಕಾಯುತ್ತೇನೆ. ಅವನು ಬರಿಗೈಯಲ್ಲಿ ಬಂದರೆ ನಾನೇ ಹೋಗಿ ಹೇಳುತ್ತೇನೆ. ಅಲ್ಲಿಯವರೆಗೆ ಬೋರ್ಡಿನ ಮೇಲೆ ಅಪ್ಪನ ಹೆಸರು ಬೇಡ. ನಿನ್ನದೇ ಹೆಸರು ಬರೆಸಿಕೋ.

ಅವ್ವ ಕಾಳವ್ವನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ನಿನ್ನ ಹೆಂಡತಿ ಮಕ್ಕಳು ತಣ್ಣಗಿರಲಿ. ನಿನಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ಇಂತಿ ನಿನ್ನ ಅಣ್ಣ,
ಚನ್ನಪ್ಪ

ತಾ.ಕ. ಸುಕುಮಾರ ಹೊರಡುವ ದಿನ ಮುಂದಕ್ಕೆ ಹೋಗಿ ಪತ್ರ ನನ್ನ ಬಳಿಯೇ ಉಳಿದಿತ್ತು. ಕಾಯುತ್ತೇನೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ನಿನ್ನೆ ಜೆಸ್ಸಿಗೆ ಗಂಡನನ್ನು ನೋಡಲು ಬಿಡಲಿಲ್ಲ. ಅವಳು ತುಂಬಿದ ಬುತ್ತಿ ಹಿಡಿದುಕೊಂಡು ಹಾಗೇ ಮರಳಿ ಬಂದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಅಬು ಸಾಲೆಮ್‌ನನ್ನು ಕರೆದುಕೊಂಡು ಠಾಣೆಗೆ ಹೋಗಿ ನಿನ್ನ ಹೆಸರು ಹೇಳಿದೆ. ಜೋಕಿಮ್‌ನನ್ನು ನಾಳೆ ಬಿಡುತ್ತೇವೆ ಎಂದಿದ್ದಾರೆ.

ಅದು ನಿನ್ನ ತಮ್ಮನದೇ ಕೈ ಎಂದು ಹೇಗೆ ಹೇಳುತ್ತೀ ಎಂದು ಅಧಿಕಾರಿ ಕೇಳಿದ. ನೀನು ಚಿಕ್ಕವನಿದ್ದಾಗ, ಎಡಗೈ ಕೆಲಸ ಕುಲುಮೆಗೆ ಆಗಿಬರುವುದಿಲ್ಲ ಎಂದು ಅಪ್ಪ ಆ ಕೈಗೆ ಅರಿವೆ ಕಟ್ಟಿ ಕೂರಿಸಿದ್ದ. ಬಿಚ್ಚಿದವನು ನಾನು. "ಇದೂ ದೇವರು ಕೊಟ್ಟ ಕೈನ ಐತಿ, ನಾ ಕಲಿಸ್ತೀನಿ ಬಿಡು," ಎಂದು ಅಪ್ಪನ ಎದುರು ನಿಂತಿದ್ದೆ. ಆ ಮಾತನ್ನು ಅಲ್ಲಿ ಯಾರಿಗೆ ಹೇಳಲಿ? ನಿನ್ನ ಸುತ್ತಿಗೆಯನ್ನು ಕಳಿಸಲಾರೆ. ಎಡಗೈಗೆ ಒಪ್ಪುವ ಹಾಗೆ ನಾನೇ ಹಿಡಿ ಕೆತ್ತಿಕೊಟ್ಟಿದ್ದೆನಲ್ಲ, ಅದನ್ನು ಆ ಅಧಿಕಾರಿಯ ಮೇಜಿನ ಮೇಲೆ ಇಟ್ಟು ಬಂದೆ.