ಮರದ ನೆಲಕ್ಕೆ ನೀರು

ಗುರುವಾರ, ಮಧ್ಯಾಹ್ನ

ಮೇಷ್ಟ್ರೇ,

ಹೌದು, ಊರೆಲ್ಲ ಕರೆಯುವ ಹಾಗೆ ನಾನೂ ಕರೆದಿದ್ದೇನೆ. ‘ರೀ’ ಎಂದು ಶುರು ಮಾಡಿದರೆ ನೀವು ಕಾಗದ ಮಡಚಿ ದಿಂಬಿನ ಕೆಳಗೆ ತಳ್ಳುತ್ತೀರಿ. ಮೇಷ್ಟ್ರೇ ಎಂದರೆ ಶಟಲ್ ಕಲಿಯಲು ಬಂದ ಯಾರೋ ಎಂದುಕೊಂಡಾದರೂ ತಲೆ ಎತ್ತುತ್ತೀರಿ. ಫೋನ್ ಮಾಡಿ ಮಾಡಿ ಸಾಕಾಯಿತು. ನೀವು ಸೇರಿಕೊಂಡಿರುವ ಆ ಕೋಚಿಂಗ್ ಸೆಂಟರಿನ ಹುಡುಗಿ ಪ್ರತಿ ಸಲವೂ “ಸರ್ ಕೋರ್ಟಲ್ಲಿದಾರೆ ಆಂಟಿ” ಎನ್ನುತ್ತಾಳೆ. ಅವಳ ಹಿಂದೆಯೇ ನೀವು “ಇಲ್ಲ ಅನ್ನು, ಇಲ್ಲ ಅನ್ನು” ಎನ್ನುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ಪಿಸುಗುಟ್ಟುವುದನ್ನು ನೀವು ಜನ್ಮದಲ್ಲಿ ಕಲಿಯಲಿಲ್ಲ.

ನೆಟ್ಟಗೆ ವಿಷಯಕ್ಕೆ ಬರುತ್ತೇನೆ. ನಿಮ್ಮ ಶಟಲ್ ಹಾಲ್‌ನ ಮರದ ನೆಲ ಎದ್ದುಬಿಟ್ಟಿದೆ. ನಡುವಿನ ಅಂಕಣದಿಂದ ಬಾಗಿಲವರೆಗೆ ಹಲಗೆಗಳ ಅಂಚುಗಳು ಮೇಲಕ್ಕೆ ಮುರುಟಿಕೊಂಡಿವೆ. ಬರಿಗಾಲಲ್ಲಿ ನಡೆದರೆ ಒಂದೊಂದೂ ಕಾಲಿಗೆ ತಾಗುತ್ತದೆ. ಬಿಳಿ ಗೆರೆಗಳು ವಕ್ರವಾಗಿವೆ. ನೆಟ್ ಕಂಬದ ಬುಡದಲ್ಲಿ ಎರಡು ಹಲಗೆಗಳು ಬಾಯಿ ಬಿಟ್ಟಿವೆ. ಯಾರೋ ಬೇಕೆಂದೇ ನೀರು ಬಿಟ್ಟ ಹಾಗಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ನೀರು ಹಾಕಿದ್ದು ನಾನು.

ಓದಿ ಕಾಗದ ಹರಿಯಬೇಡಿ. ಸಿಟ್ಟು ಬಂದರೆ ಎದ್ದು ಒಂದು ಲೋಟ ನೀರು ಕುಡಿದು ಬಂದು ಮುಂದೆ ಓದಿ, ದಮ್ಮಯ್ಯ ಅಂತೀನಿ.

ನೀವು ಹೋದ ಮೇಲೆ, ಮುಚ್ಚಿಬಿದ್ದಿದ್ದ ಆ ಹಳೇ ಕ್ಲಬ್ ಹೇಗಾಗಿದೆ ಎಂದು ನಿಮಗೆ ಗೊತ್ತಿಲ್ಲ. ಪಾರಿವಾಳಗಳನ್ನು ಓಡಿಸುವುದಕ್ಕೇ ನಮ್ಮ ಸಮಿತಿಯವರ ಅರ್ಧ ಪ್ರಾಣ ಹೋಯಿತು. ಬಟ್ಟೆ ಬದಲಿಸುವ ಕೋಣೆಯ ಲಾಕರ್‌ಗಳ ಬಾಗಿಲು ಕಿತ್ತು ಪುಸ್ತಕ ಜೋಡಿಸಿದ್ದೇವೆ. ಬಾರ್ ಇದ್ದ ಕಡೆ ಈಗ ಚಹಾ. ಬಿಲಿಯರ್ಡ್ಸ್ ಮೇಜನ್ನು ಅಲುಗಾಡಿಸಲು ಯಾರಿಂದಲೂ ಆಗಲಿಲ್ಲ. ಮೇಲೆ ಪ್ಲೈವುಡ್ ಹಾಕಿದೆವು, ಮಕ್ಕಳು ಅದರ ಸುತ್ತ ಕೂತು ಹೋಮ್‌ವರ್ಕ್ ಮಾಡುತ್ತವೆ. ಹಾಲ್‌ನಲ್ಲಿ ಬೆಳಗ್ಗೆ ವಯಸ್ಸಾದವರು, ಮಧ್ಯಾಹ್ನ ಮಕ್ಕಳು, ಸಂಜೆಗೆ ನಿಮ್ಮ ಶಟಲ್ ಎಂದು ಗೊತ್ತು ಮಾಡಿದ್ದೆವು. ಸಂಜೆಯನ್ನು ನಿಮಗಾಗಿಯೇ ಬಿಡಿಸಿಟ್ಟಿದ್ದೆ. ಯಾರು ಕೇಳಿದರೂ, “ಮೇಷ್ಟ್ರು ಬರ್ತಾರೆ, ಸ್ವಲ್ಪ ತಡೀರಿ” ಎನ್ನುತ್ತಾ ಬಂದೆ.

ತಿಂಗಳ ಕೊನೆಗೆ ಉದ್ಘಾಟನೆ ಮಾಡಿ ಬಾಗಿಲು ತೆರೆಯಲೇಬೇಕು. ತೆರೆಯದಿದ್ದರೆ ಕಟ್ಟಡವನ್ನು ಗೋದಾಮಿಗೆ ಕೊಡುತ್ತೇವೆ ಎಂದು ಪುರಸಭೆಯವರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

ನೀವು ಮನೆ ಬಿಟ್ಟು ಹೋಗುವಾಗ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. “ನನ್ನ ಕೋರ್ಟಿನ ಮೇಲೆ ಚಾಪೆ ಹಾಸ್ತೀರಾ? ಅದರ ಮೇಲೆ ಮುದುಕರನ್ನ ಕೂರಿಸಿ ಚಪ್ಪಾಳೆ ತಟ್ಟಿಸ್ತೀರಾ? ಕ್ಲಬ್ಬೇನೇ ಇದು, ಧರ್ಮಛತ್ರಾನಾ?” ಎಂದಿರಿ. ರ‍್ಯಾಕೆಟ್ ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಿರಿ. ಚಾಪೆ ಒಂದು ನೆಪ ಎಂದು ನನಗೆ ಅವತ್ತೇ ಗೊತ್ತಿತ್ತು. ಅವತ್ತು ಬೆಳಗ್ಗೆ ನೀವು ಅರ್ಧ ಗಡ್ಡ ಬೋಳಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಮಾವ ಬಂದು, “ಯಾರಪ್ಪಾ ನೀನು? ಯಾರು ಬೇಕಿತ್ತು?” ಎಂದು ಕೇಳಿದರು. ನೀವು ನಕ್ಕಿರಿ. ನಕ್ಕವರು ಇನ್ನರ್ಧ ಗಡ್ಡ ಬೋಳಿಸದೆ ಮುಖ ತೊಳೆದುಕೊಂಡಿರಿ. ನಾನು ಅಡುಗೆಮನೆಯಿಂದ ನೋಡಿದೆ. ಸಂಜೆ ಚಾಪೆಯ ಜಗಳ ತೆಗೆದಿರಿ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಮೇಷ್ಟ್ರೇ. ಆದರೆ ನೀವು ಎದ್ದು ಹೋಗಬಹುದಾದ ಸಂಕಟವನ್ನು ನನ್ನ ಮಡಿಲಿಗೆ ಹಾಕಿ ಹೋದಿರಿ. ಅವರು ನಿಮ್ಮ ಅಪ್ಪ, ನನ್ನ ಅಪ್ಪನಲ್ಲ. ಇದನ್ನು ಬರೆಯಬಾರದೆಂದು ತಡೆದು ತಡೆದು ಈಗ ಬರೆದೇಬಿಟ್ಟೆ.

ಹೊಲಿಗೆ ನಿಂತೇಹೋಗಿದೆ. ಮಷೀನಿನ ಮುಂದೆ ಕೂತರೆ ಮಾವ ಎಲ್ಲಿ ಎಂದು ಎದ್ದು ನೋಡಬೇಕು. ಗಿರಾಕಿಯೊಬ್ಬರ ಹೊಸ ಬಟ್ಟೆಯನ್ನು ಅವರು ಅಂದವಾಗಿ ಚೌಕ ಚೌಕ ಕತ್ತರಿಸಿಟ್ಟಿದ್ದರು. ಆಮೇಲೆ ಕತ್ತರಿ ಬಚ್ಚಿಟ್ಟೆ. ಬಚ್ಚಿಟ್ಟ ಜಾಗ ನಾನೇ ಮರೆತೆ. ಈ ಮನೆಯಲ್ಲಿ ಯಾರಿಗೆ ಮರೆವು ಎಂದು ನನಗೇ ಅನುಮಾನ ಬರತೊಡಗಿದೆ. ಸ್ನಾನಕ್ಕೆ ಹೋದರೂ ಬಾಗಿಲು ಹಾಕುವುದಿಲ್ಲ. ಗೇಟಿನ ಸದ್ದಾದರೆ ಒದ್ದೆ ತಲೆಯಲ್ಲೇ ಬೀದಿಗೆ ಓಡುತ್ತೇನೆ. ಅವರು ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಕ್ಲಬ್ಬಿನ ಕಡೆಗೆ. ಇಡೀ ಆಯುಷ್ಯ ಅಲ್ಲಿ ದುಡಿದವರಲ್ಲವೇ.

ಕ್ಲಬ್ಬಿನ ಒಳಗೆ ಕಾಲಿಟ್ಟರೆ ಅವರು ಬೇರೆ ಮನುಷ್ಯ. ಗೋಡೆ ಸವರುತ್ತಾರೆ, ಕಂಬದ ಹಗ್ಗ ಎಳೆದು ನೋಡುತ್ತಾರೆ, ಚಾಪೆಯ ಮೇಲೆ ಸುಮ್ಮನೆ ಕೂರುತ್ತಾರೆ. ಬೇಕರಿಯಾಕೆಯೂ ತನ್ನ ತಾಯಿಯನ್ನು ಕರೆತರುತ್ತಾಳೆ. ಆಕೆಗೂ ಇದೇ ಮರೆವು. ಇಬ್ಬರೂ ಎದುರುಬದುರು ಕೂತು ಬಲೂನು ತಟ್ಟುತ್ತಾರೆ. ಬಲೂನು ಕೆಳಗೆ ಬಿದ್ದರೆ ಮಾವ ತಪ್ಪದೆ, “ಔಟ್” ಎನ್ನುತ್ತಾರೆ. ಆ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯಲ್ಲಿ ಕೂತು ಹೊಲಿಯುತ್ತೇನೆ. ಮೊದಲ ದಿನ ಒಂದು ಅಂಗಿ ಪೂರ್ತಿ ಹೊಲಿದು ಮುಗಿಸಿ, ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತೆ.

ನನಗೆ ಈ ಕ್ಲಬ್ ಬೇಕಾಗಿರುವುದು ಊರುದ್ಧಾರಕ್ಕಲ್ಲ. ಬೆಳಗಿನ ಆ ಹೊತ್ತು ಇಲ್ಲವಾದರೆ ನಾನು ಉಳಿಯುವುದಿಲ್ಲ. ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಮೊನ್ನೆ ಅವರಿಗೆ ತುತ್ತು ತಿನ್ನಿಸುವಾಗ ಕೈ ತಳ್ಳಿದರು, ತಟ್ಟೆ ಬಿತ್ತು; ನನ್ನ ಕೈ ಅವರನ್ನು ಹೊಡೆಯಲು ಮೇಲೆದ್ದಿತು. ಹೊಡೆಯಲಿಲ್ಲ. ನಾಳೆಯೂ ಹೊಡೆಯುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಮರೆವಿನವರನ್ನು ಸೇರಿಸಿಕೊಳ್ಳಲು ಸಮಿತಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅಧ್ಯಕ್ಷರಾಗಿರುವ ಔಷಧಿ ಅಂಗಡಿಯವರು, “ಇದು ಆಟದ ಜಾಗ ಕಣ್ರೀ, ಆಸ್ಪತ್ರೆ ಅಲ್ಲ” ಎಂದು ಮೂಗು ಮುರಿದರು. ನಾನು ಅವರ ಅಂಗಡಿಯಲ್ಲೇ ಕೂತು, ಗಿರಾಕಿಗಳ ಎದುರೇ ತಲೆ ತಿಂದು ತಿಂದು ಒಪ್ಪಿಸಿದೆ. “ಆಯ್ತು ತಾಯಿ, ಆದ್ರೆ ಆ ಗುಂಪಿನಿಂದ ಒಂದೇ ಒಂದು ಹೆಚ್ಚುಕಮ್ಮಿ ಆದ್ರೂ ಬೆಳಗಿನ ಕಾರ್ಯಕ್ರಮ ಬಂದ್. ಆಮೇಲೆ ನನ್ ಹತ್ರ ಬಂದು ಅಳಬಾರದು” ಎಂದಿದ್ದರು. ಹೂಂ ಎಂದಿದ್ದೆ.

ನೆಲ ಎದ್ದಿದ್ದು ಕಂಡ ಕೂಡಲೇ ಎಲ್ಲರನ್ನೂ ಹಾಲ್‌ಗೆ ಕರೆಸಿದರು. ಬಾಗಿಲ ಮೇಲೆ ನಾನೇ ಬರೆದು ಅಂಟಿಸಿದ್ದ ಬೋರ್ಡು ಇತ್ತು: ‘ಮರದ ನೆಲ. ಒದ್ದೆ ಬಟ್ಟೆಯೂ ಬೇಡ.’ ಔಷಧಿ ಅಂಗಡಿಯವರು ಅದನ್ನು ಗಟ್ಟಿಯಾಗಿ ಓದಿ, “ಇದನ್ನ ಬರೆದವರೇ ನೀರು ಹುಯ್ದರಾ?” ಎಂದು ಕೇಳಿದರು. “ಉದ್ಘಾಟನೆಗೆ ಮುಂಚೆ ಒಂದ್ಸಲ ಚೆನ್ನಾಗಿ ತೊಳೆಯೋಣ ಅನ್ನಿಸ್ತು” ಎಂದೆ. ಬೇಕರಿಯಾಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆ ಕಡೆ ತಿರುಗಲಿಲ್ಲ. ನೀವೂ ನಂಬುವುದಿಲ್ಲ ಎಂದು ಗೊತ್ತು. ಒದ್ದೆ ಕೊಡೆ ಒಳಗೆ ತಂದದ್ದಕ್ಕೆ ಹೊಸ ಹೆಂಡತಿ ಎಂದೂ ನೋಡದೆ ಎಲ್ಲರೆದುರು ಬೈದವರು ನೀವು. ಆದರೂ ನಂಬಿ. ಹೆಂಗಸರಿಗೆ ತೊಳೆಯುವ ಹುಚ್ಚು ಎಂದುಕೊಳ್ಳಿ, ನಿಮಗೆ ಹಾಗೆ ಅಂದುಕೊಳ್ಳುವುದು ಸುಲಭ.

ಕಂಟ್ರಾಕ್ಟರ್ ಬೂಟುಗಾಲಲ್ಲೇ ನಡೆದಾಡಿ, “ಇದು ಸತ್ತೋಯ್ತು. ಎಲ್ಲಾ ಕಿತ್ತು ಟೈಲ್ಸ್ ಹಾಕ್ಬಿಡೋಣ” ಎಂದ. ಕಿತ್ತರೆ ತಿಂಗಳ ಕೊನೆಗೆ ಬಾಗಿಲು ತೆರೆಯುವ ಮಾತೇ ಇಲ್ಲ, ಗೋದಾಮೇ ಗತಿ. ಹಾಗೂ ಹೀಗೂ ಟೈಲ್ಸ್ ಹಾಕಿ ಮುಗಿಸಿದರೂ ಆ ನೆಲದ ಮೇಲೆ ಮಾವನನ್ನು ನಾನು ಹೇಗೆ ನಡೆಸಲಿ? ಒಂದು ಸಲ ಜಾರಿದರೆ ಸೊಂಟ ಮುರಿಯುತ್ತದೆ.

ಹಿಂದೊಮ್ಮೆ ಸೂರು ಸೋರಿ ನೆಲ ಎದ್ದಿದ್ದಾಗ ನೀವು ಏನು ಮಾಡಿದಿರಿ ಎಂದು ನನಗೆ ನೆನಪಿದೆ. ಕಿಟಕಿಗಳನ್ನೆಲ್ಲ ತೆರೆಸಿ, ಫ್ಯಾನ್ ಹಾಕಿಸಿ, “ಯಾರೂ ಉಜ್ಜಬೇಡಿ, ಕೀಳಬೇಡಿ, ಅದೇ ಒಣಗಿ ಕೂರುತ್ತೆ” ಎಂದು ಬಾಗಿಲಲ್ಲೇ ಕಾವಲು ಕೂತಿದ್ದಿರಿ. ಕೂತಿತು. ಇದನ್ನೇ ನಾನು ಸಮಿತಿಗೆ ಹೇಳಿದೆ. ನೀರು ಹುಯ್ದವಳ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ? ಔಷಧಿ ಅಂಗಡಿಯವರು ಕೈ ಚಾಚಿ ಹಾಲ್‌ನ ಬೀಗದ ಕೈ ಇಸಿದುಕೊಂಡರು. ಕಿಟಕಿ ತೆರೆಯಲೂ ನನಗೀಗ ಅಧಿಕಾರವಿಲ್ಲ. ಒಳಗೆ ನೆಲ ಮುಚ್ಚಿದ ಗಾಳಿಯಲ್ಲಿ ಹಾಗೇ ಬೇಯುತ್ತಿದೆ. ಮಾವ ದಿನಾ ಹೋಗಿ ಬೀಗ ಹಾಕಿದ ಬಾಗಿಲನ್ನು ತಳ್ಳಿ ತಳ್ಳಿ ವಾಪಸ್ಸು ಬರುತ್ತಾರೆ, ಬಂದು ನನ್ನ ಮೇಲೆ ಕೂಗಾಡುತ್ತಾರೆ.

ಭಾನುವಾರ ಸಂಜೆ ಸಭೆ. ಕೀಳುವುದೋ ಬಿಡುವುದೋ ಅಲ್ಲಿ ತೀರ್ಮಾನ. ನಿಮ್ಮ ಒಂದು ಮಾತು ಸಾಕು. ಆ ನೆಲದ ವಿಷಯದಲ್ಲಿ ನಿಮ್ಮೆದುರು ಬಾಯಿ ತೆರೆಯುವ ಗಂಡು ಈ ಊರಲ್ಲಿಲ್ಲ. ಬನ್ನಿ. ನನ್ನನ್ನು ಎಲ್ಲರ ಎದುರು ಬೈಯಬೇಕೆನಿಸಿದರೆ ಬೈಯಿರಿ, ತಲೆ ತಗ್ಗಿಸಿ ನಿಲ್ಲುತ್ತೇನೆ. ಮನೆಗೆ ಬರಲು ಮನಸ್ಸಿಲ್ಲದಿದ್ದರೆ ಸಭೆ ಮುಗಿಸಿ ಹಾಗೇ ಬಸ್ಸು ಹತ್ತಿ. ಚಹಾ ಕುಡಿಯಿರಿ ಎಂದೂ ಬಲವಂತ ಮಾಡುವುದಿಲ್ಲ. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ, ಅಷ್ಟೇ. ನಿಜವಾಗಿ ಆಗುವುದಿಲ್ಲ.

ಮಾವ ಎದ್ದರು, ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದಾರೆ. ನಿಲ್ಲಿಸುತ್ತೇನೆ.

ಇನ್ನೂ ನಿಮ್ಮವಳೇ ಆಗಿರುವ,
ಮನೆಯವಳು

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಇದನ್ನು ಓದಿ ಸುಟ್ಟುಬಿಡಿ, ಸಭೆಯಲ್ಲಿ ಮಾತ್ರ ಇದರ ಬಗ್ಗೆ ಬಾಯಿ ಬಿಡಬೇಡಿ. ಬಿಟ್ಟರೆ ಬೆಳಗಿನ ಗುಂಪು ಅವತ್ತಿಗೇ ಮುಗಿಯಿತು. ನೀರು ಹಾಕಿದ್ದು ಮಾವ. ಆ ಹಾಲ್ ಕಟ್ಟುವ ಮೊದಲು ಅದೇ ಜಾಗದಲ್ಲಿ ಮಣ್ಣಿನ ಟೆನಿಸ್ ಕೋರ್ಟ್ ಇತ್ತಂತಲ್ಲ, ದಿನಾ ಸಂಜೆ ಆಟಕ್ಕೆ ಮುಂಚೆ ಅವರೇ ಅದಕ್ಕೆ ನೀರು ಚಿಮುಕಿಸುತ್ತಿದ್ದರಂತಲ್ಲ. ನಾನು ಪುಸ್ತಕ ಜೋಡಿಸಿ ಬರುವಷ್ಟರಲ್ಲಿ ಹೊರಗಿನ ನಲ್ಲಿಯಿಂದ ಪೈಪು ಎಳೆದು ತಂದಿದ್ದರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಹಿಂದೆ ಹಿಂದೆ ನಡೆಯುತ್ತಾ, ಮೂಲೆ ಮೂಲೆಗೂ ಒಂದೇ ಸಮನಾಗಿ ಹಾಯಿಸುತ್ತಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ನಾನು ನಲ್ಲಿ ನಿಲ್ಲಿಸಲು ಓಡಿದೆ. ಅಷ್ಟರಲ್ಲಿ ಅವರು ನನ್ನನ್ನು ನೋಡಿ ನಕ್ಕು, “ಸ್ವಲ್ಪ ಇರಮ್ಮಾ, ತುಳೀಬೇಡ. ಈಗ ನನ್ನ ಮಗ ಆಡೋಕೆ ಬರ್ತಾನೆ, ಧೂಳು ಎದ್ರೆ ಅವನ ಕಣ್ಣಿಗೆ ಬೀಳುತ್ತೆ” ಎಂದರು. ನಲ್ಲಿಯ ಮೇಲೆ ಕೈ ಇಟ್ಟವಳು ಹಾಗೇ ನಿಂತುಬಿಟ್ಟೆ, ಅವರು ಇಡೀ ಅಂಕಣ ಮುಗಿಸುವವರೆಗೂ ತಿರುಗಿಸಲಿಲ್ಲ.