ಚಕ್ರದಡಿಯ ಕಂಬಳಿ

ಹೊನ್ನಾವರದ ಹತ್ತಿರ, ಕಡಲ ದಂಡೆ
೧೨ ಜನವರಿ ೨೦೨೫

ಯಲ್ಲದಕೆರೆಯಲ್ಲಿರುವ ನನ್ನ ಅವ್ವನಿಗೆ,

ನಿನ್ನ ನೇತ್ರಾವತಿಯ ಶರಣು. ನಾವಿಬ್ಬರೂ ಕ್ಷೇಮ, ವ್ಯಾನೂ ಕ್ಷೇಮ. ಫೋನ್ ಕೈಯಲ್ಲೇ ಇದೆ. ಆದರೆ ಈ ಮಾತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ.

ನಿನ್ನ ಅಳಿಯ ರಂಗೇಶ್ ಎರಡು ವರ್ಷ ಒದ್ದಾಡಿ ಹಳೇ ಟೆಂಪೊವನ್ನು ಮನೆ ಮಾಡಿದ್ದು ನಿನಗೆ ಗೊತ್ತೇ ಇದೆ. ಹಾಸಿಗೆ, ಒಲೆ, ಕಿಟಕಿಗೆ ಪರದೆ. ಈ ಮೊದಲ ಪ್ರವಾಸ ಸರಿಹೋದರೆ ಅದನ್ನು ಬಾಡಿಗೆಗೆ ಬಿಡಬೇಕೆಂದಿದ್ದೆವು. ಹೊರಡುವಾಗ ನೀನು ಅಪ್ಪನ ಕಾಲದ ನಿನ್ನ ಕಂಬಳಿ ತಂದುಕೊಟ್ಟೆ. "ಬಯಲಾಗೆ ಮಲಗೋರಿಗೆ ಇದು ಬೇಕೇ ಬೇಕು ಕಣೆ, ಇಟ್ಕ," ಅಂದೆ. ನಾನು ಮುಖ ಸಿಂಡರಿಸಿ ಸೀಟಿನಡಿ ತುರುಕಿದೆ.

ನಿನ್ನೆ ಮಧ್ಯಾಹ್ನ ಇಲ್ಲಿಗೆ ಬಂದಾಗ ನೀರಂಚಿನ ಮರಳು ಕಣದ ಹಾಗೆ ಗಟ್ಟಿಯಾಗಿ, ಸಪಾಟಾಗಿತ್ತು. ರಂಗೇಶ್ ಅಲ್ಲೇ ನಿಲ್ಲಿಸಿದರು. ಮಾರಿಕಣಿವೆ ಅಣೆಕಟ್ಟೆಯ ನೀರು ನೋಡಿ ಬೆಳೆದವರು ನಾವು. ಈಗಿರುವ ನೀರು ಸಂಜೆಗೂ ಅಲ್ಲೇ ಇರುತ್ತದೆ ಅಂದುಕೊಂಡೆವು. ಅನ್ನಕ್ಕಿಟ್ಟು ಹೊರಗೆ ನೋಡುತ್ತೇನೆ, ಅಲೆ ಬಂದು ಹಿಂದಿನ ಚಕ್ರ ಮುಟ್ಟುತ್ತಿದೆ! ಗಾಡಿ ಚಾಲೂ ಮಾಡಿದಷ್ಟೂ ಆ ಚಕ್ರ ಹೂತುಹೋಯಿತು. ಮೀನುಗಾರರು ಓಡಿಬಂದು, ಚಕ್ರಕ್ಕೆ ಹಿಡಿತ ಬೇಕು, ದಪ್ಪದ್ದೇನಾದರೂ ಹಾಸಿ ಎಂದು ಕೂಗಿದರು. ಹೊಸ ಹಾಸಿಗೆಯ ಹೊದಿಕೆ ಹಾಸಿದೆವು. ಜಾರಿಹೋಯಿತು.

ಆಗ ಕಂಬಳಿ ಎಳೆದೆ. ರಂಗೇಶ್ ಬೇಡವೆಂದರು. ಕಂಬಳಿಯೆಂದರೆ ನಮ್ಮಲ್ಲಿ ದೇವರ ಗದ್ದುಗೆಗೆ ಹಾಸುವಂಥದ್ದು, ನಾವು ಕಾಲಲ್ಲೂ ತುಳಿಯದ್ದು. ನನಗೆ ಮಾತ್ರ ಆ ಮಳೆ ನೆನಪಾಯಿತು: ನೀನು ಅದೇ ಕಂಬಳಿಯನ್ನು ಆಗತಾನೇ ಈದ ಕುರಿಗೆ ಹೊದಿಸಿ, ತೊಯ್ದುಕೊಂಡು ನಗುತ್ತ ನಿಂತದ್ದು. ಅಂಥವಳು ಬೈಯುವುದಿಲ್ಲ ಅಂದುಕೊಂಡು ಹಾಸಿಬಿಟ್ಟೆ. ಚಕ್ರ ಕಚ್ಚಿಕೊಂಡಿತು. ಎಲ್ಲರೂ ತಳ್ಳಿದರು, ವ್ಯಾನ್ ಮೇಲೆ ಬಂತು.

ಅವ್ವ, ಕಂಬಳಿ ನಡುವೆ ಒಂದು ಮೊಳ ಹರಿದಿದೆ. ಸಿಹಿನೀರಿನಲ್ಲಿ ಒಗೆದು ವ್ಯಾನಿನೊಳಗೇ ಹರವಿದ್ದೇನೆ. ಮೀನುಗಾರರು ಇದು ಯಾರದೆಂದು ಕೇಳಿದರು. ನಮ್ಮವ್ವನದು, ವರ್ಷಗಟ್ಟಲೆ ಆಕಾಶದ ಕೆಳಗೆ ಮಲಗಿ ಕುರಿ ಸಾಕಿದವಳು ಅಂದೆ. ಹೇಳುವಾಗ ಎದೆ ಉಬ್ಬಿತು. ನಿನ್ನ ಎದುರಿಗೆ ಇದನ್ನು ಒಂದು ದಿನವೂ ಹೇಳಲಿಲ್ಲ.

ನಿನ್ನ ಮಗಳು,
ನೇತ್ರಾ

ತಾ.ಕ.: ಇಷ್ಟನ್ನು ತಮ್ಮನ ಕೈಯಲ್ಲಿ ಓದಿಸಬೇಡ, ನೀನೇ ಓದು. ನಾನೂ ಬರಲೇನೆ ಎಂದು ನೀನು ಕೇಳಿದಾಗ ಜಾಗ ಇಲ್ಲ ಅಂದಿದ್ದೆ. ಜಾಗ ಇತ್ತು, ಮೂವರು ಮಲಗಬಹುದು. ಹೊಸ ಹಾಸಿಗೆಗೆ ಕುರಿ ವಾಸನೆ ಹಿಡಿದೀತೆಂದು ಸುಳ್ಳು ಹೇಳಿದೆ. ಈಗ ವ್ಯಾನ್ ತುಂಬ ಅದೇ ವಾಸನೆ. ಕಿಟಕಿ ತೆಗೆಯಲು ನನಗೆ ಮನಸ್ಸಾಗುತ್ತಿಲ್ಲ.